ಮಾಲವ್ವ ಉಳಿಸಿದ ಕರೆಂಟು

ವಿದ್ಯುತ್ ಸರಬರಾಜು ಕಚೇರಿಯ ಮಾನ್ಯ ಹಿರಿಯ ಅಧಿಕಾರಿಗಳೇ,

ನನ್ನ ಹೆಂಡತಿ ಮಾಲವ್ವ ನೀವು ಮಾರುವ ಕರೆಂಟನ್ನು ಉಳಿಸಲು ಹೋಗಿ ಸತ್ತಳು. ನನ್ನ ದೂರು ಇಷ್ಟೇ. ಕಳೆದ ವಾರ ಹಳಿಯಾಳದ ಗ್ರಾಹಕರ ಸಭೆಯಲ್ಲಿ ಇದನ್ನು ಹೇಳಬೇಕೆಂದೇ ಎದ್ದು ನಿಂತಿದ್ದೆ. ಅಷ್ಟರಲ್ಲಿ ತಾವು ಮೈಕು ಹಿಡಿದು, "ಕೊಟ್ಟ ಹಣಕ್ಕೆ ಕರೆಂಟಿನಷ್ಟು ಬೆಲೆಬಾಳುವ ವಸ್ತು ನಿಮ್ಮ ಮನೆಯಲ್ಲಿ ಇನ್ನೊಂದು ಯಾವುದಿದೆ, ತೋರಿಸಿ ನೋಡೋಣ!" ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ಹಿಂದೆಯೇ ಚಹಾ ಬಂತು. ನಾನು ಕೂತುಬಿಟ್ಟೆ. ಪ್ರಶ್ನೆ ಒಳ್ಳೆಯದೇ, ಸ್ವಾಮಿ. ಉತ್ತರ ಮಾತ್ರ ಚಹಾದ ಹೊತ್ತಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಧಾರವಾಡ ಕಡೆಯ ಹಳ್ಳಿಯಿಂದ ಕಾಗದ ಕಾರ್ಖಾನೆಯ ಕೆಲಸಕ್ಕೆಂದು ದಾಂಡೇಲಿಗೆ ಬಂದು ಇಲ್ಲಿಯವನೇ ಆಗಿಹೋದವನು. ನಿವೃತ್ತಿಯಾದ ಮೇಲೆ ಕಾಳಿ ನದಿಯ ದಂಡೆಯ ಒಂದು ರೆಸಾರ್ಟಿನಲ್ಲಿ ಗಿಡಗಳಿಗೆ ನೀರು ಹಾಕಿಕೊಂಡಿದ್ದೇನೆ. ಮಾಲವ್ವ ಒಂಟಿಯಾಗಿದ್ದ ಕೆಲಸಗಾರರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಕಟ್ಟಿಗೆಯ ಒಲೆ, ಕಿಟಕಿಯಿಲ್ಲದ ಅಡುಗೆಮನೆ. ಗ್ಯಾಸು ಬಂದ ಮೇಲೂ ಅದು ಚಹಾಕ್ಕಷ್ಟೇ. "ಕಟ್ಟಿಗಿ ಪುಕ್ಕಟ ಸಿಗತೈತಿ, ರೊಟ್ಟಿಗೆ ಗ್ಯಾಸ ಯಾಕ ಸುಡೂದು?" ಎನ್ನುತ್ತಿದ್ದಳು. ಆ ಪುಕ್ಕಟೆ ಕಟ್ಟಿಗೆಯ ಹೊಗೆ ಅವಳ ಎದೆಯನ್ನು ತಿಂದು ಹಾಕಿತ್ತೆಂದು ಗೊತ್ತಾಗುವ ಹೊತ್ತಿಗೆ, ಬಚ್ಚಲಿನಿಂದ ಪಡಸಾಲೆಗೆ ಬರಲು ಅವಳು ಎರಡು ಕಡೆ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಮನೆಯ ಇಂಧನಕ್ಕೆ ಕೊಡುವ ಬೆಲೆಯ ಬಗ್ಗೆ ತಾವು ಅಂಕಿಅಂಶ ಇಟ್ಟುಕೊಂಡು ಮಾತಾಡುತ್ತೀರಿ. ಬಿಲ್ಲೇ ಇಲ್ಲದ ಒಲೆ ಏನು ವಸೂಲಿ ಮಾಡಿಕೊಂಡಿತೆಂದು ತಮ್ಮ ಅಂಕಿಗಳಲ್ಲಿ ಎಲ್ಲಾದರೂ ಇದೆಯೇ?

ದಿನದ ಬಹುಪಾಲು ಆಮ್ಲಜನಕ ಕೊಡಬೇಕು ಎಂದರು ಡಾಕ್ಟರು. ಮುಂಡಗೋಡದ ಹತ್ತಿರದ ಪಾಳಾ ಊರಿಗೆ ಮದುವೆ ಮಾಡಿ ಕೊಟ್ಟ ನಮ್ಮ ಮಗಳು ಸಹನಾ ಯಾರದೋ ಮನೆಯಲ್ಲಿ ಬಳಸಿ ಬಿಟ್ಟಿದ್ದ ಯಂತ್ರವೊಂದನ್ನು ತಂದುಕೊಟ್ಟಳು. ಮನೆಯ ಗಾಳಿಯನ್ನೇ ಎಳೆದು, ಸೋಸಿ, ನಳಿಕೆಯಲ್ಲಿ ಮೂಗಿಗೆ ಕೊಡುವ ಯಂತ್ರ. ಗುಂಯ್ ಎನ್ನುತ್ತಿತ್ತು. ಮೊದಲ ದಿನ ಅದನ್ನು ಹಚ್ಚಿಕೊಂಡು ಮಾಲವ್ವ ನಿದ್ದೆ ಹೋದಾಗ ಸಹನಾ ಬಾಗಿಲಿಗೆ ಆತು ನಿಂತು ಅತ್ತಳು. ಅವ್ವ ಕೂತಲ್ಲೇ ತೂಕಡಿಸುವುದನ್ನಷ್ಟೇ ನೋಡಿದ್ದ ಮಗಳು ಅವಳು ಮಲಗಿದ್ದನ್ನು ಕಂಡದ್ದು ಎಷ್ಟೋ ತಿಂಗಳ ಮೇಲೆ. ಒಪ್ಪುತ್ತೇನೆ, ಸ್ವಾಮಿ. ಅಂದಿನ ನಿದ್ದೆಗೆ ತಾವು ಯಾವ ದರ ಹಾಕಿದ್ದರೂ ಅದು ಅಗ್ಗವೇ.

ಆದರೆ ಅದಕ್ಕೂ ಮೊದಲು ನಮ್ಮದು ಶೂನ್ಯ ಬಿಲ್ಲಿನ ಮನೆಯಾಗಿತ್ತು. ಹಿಂದೆ ಬಳಸಿದ್ದರ ಸರಾಸರಿ ನೋಡಿ ಪ್ರತಿ ಮನೆಗೊಂದು ಮಿತಿ ಹಾಕಿದ್ದೀರಲ್ಲ, ಅದರೊಳಗೆ ಇದ್ದವರಿಗೆ ಕರೆಂಟು ಪುಕ್ಕಟೆ. ಎರಡು ದೀಪ, ಒಂದು ಫ್ಯಾನು ಹಚ್ಚಿ ಬಾಳಿದವರು ನಾವು. ಕಡಿಮೆ ಬಳಸಿದ ತಪ್ಪಿಗೆ ನಮ್ಮ ಮಿತಿಯೂ ಕಡಿಮೆ. ಯಂತ್ರ ಬಂದ ತಿಂಗಳೇ ಮಿತಿ ದಾಟಿ ಬಿಲ್ಲು ಬಂತು. ಕಟ್ಟಲಾಗದಷ್ಟು ದೊಡ್ಡದೇನಲ್ಲ. ನಾನು ಮರುದಿನವೇ ಕಟ್ಟಿದೆ. ಮಾಲವ್ವ ಮಾತ್ರ ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನಾ ತುಟ್ಟಿ ಆದ್ನಲ್ರಿ ನಿಮಗ," ಎಂದಳು.

"ಹುಚ್ಚಿ, ಏನಂತ ಮಾತಾಡ್ತಿ? ನಾ ದುಡಿಯೂದು ಯಾತಕ್ಕ ಮತ್ತ?"

"ಹಂಗಲ್ರಿ. ಇಷ್ಟ ವರ್ಷ ನನ್ನ ಸಲುವಾಗಿ ಒಂದ ಬಿಲ್ ಬಂದಿದ್ದಿಲ್ಲ ನೋಡ್ರಿ."

ಒಂದು ದಿನ ಮಧ್ಯಾಹ್ನ ಮನೆಗೆ ಬೇಗ ಬಂದೆ. ಯಂತ್ರ ಆಫ್ ಆಗಿತ್ತು. ಮಾಲವ್ವ ಹೊಸ್ತಿಲಲ್ಲಿ ಕೂತು, ಮೊಣಕಾಲಿಗೆ ಎರಡೂ ಕೈ ಊರಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ನಾನು ಓಡಿ ಹೋಗಿ ಸ್ವಿಚ್ಚು ಹಾಕಿ, ನಳಿಕೆ ಸಿಕ್ಕಿಸಿದೆ. ದಮ್ಮು ತಿರುಗಿದ ಮೇಲೆ ಅವಳು ಹೇಳಿದ್ದು: "ನೀವ ಇದ್ದಾಗ ಹಚ್ಚಿರ್ತೇನಲ್ರಿ. ಹಗಲ ಹೊತ್ತ ಹೆಂಗರ ನಡೀತೈತಿ." ನನಗೆ ಸಿಟ್ಟು ಬಂತು. ನಾನು ಕೆಲಸ ಮಾಡುವ ರೆಸಾರ್ಟಿನಲ್ಲಿ ಮರಗಳಿಗೆ ಸುತ್ತಿದ ದೀಪದ ಸರಗಳು ಹಾಡುಹಗಲೇ ಉರಿಯುತ್ತವೆ, ಕೇಳುವವರಿಲ್ಲ, ನೀನು ಉಸಿರಿನಲ್ಲಿ ಉಳಿತಾಯ ಮಾಡಲಿಕ್ಕೆ ಹೊರಟಿದ್ದೀ ಎಂದು ಕೂಗಾಡಿದೆ. ಅವಳು ಶಾಂತವಾಗಿ, "ಅವರ ಬಿಲ್ ಅವರು ಕೊಡ್ತಾರ, ನಮ್ಮ ಬಿಲ್ ನಾವ ಕೊಡಬೇಕಲಾ," ಎಂದಳು.

ಆಗಲೇ ನಾನು ಡಾಕ್ಟರ ಚೀಟಿ ಹಿಡಿದು ನಿಮ್ಮ ಕಚೇರಿಗೆ ಬಂದದ್ದು. ಯಂತ್ರ ತಿನ್ನುವ ಕರೆಂಟನ್ನು ಮನೆಯ ಲೆಕ್ಕದಿಂದ ಬೇರೆ ಮಾಡಿ, ಬೇಕಿದ್ದರೆ ಹಣ ತೆಗೆದುಕೊಳ್ಳಿ, ಆದರೆ ಶೂನ್ಯ ಬಿಲ್ಲು ಶೂನ್ಯವಾಗಿಯೇ ಇರಲಿ, ಅದನ್ನು ಅವಳಿಗೆ ತೋರಿಸಬೇಕು ಎಂದೆ. ಕಿಟಕಿಯಾಚೆ ಕೂತವರು ನಕ್ಕರು. "ಯಜಮಾನ್ರ, ಮನಿ ಬಳಕಿ ಅಂದ್ರ ಮನಿ ಬಳಕಿ. ಟೀವಿ ಆದ್ರೂ ಅಷ್ಟ, ನಿಮ್ಮ ಮಷೀನ್ ಆದ್ರೂ ಅಷ್ಟ. ಮೀಟರಿಗೇನ ಗೊತ್ತಾಗತೈತಿ?" ಎಂದರು. ನಿಜ. ಮೀಟರಿಗೆ ಗೊತ್ತಾಗುವುದಿಲ್ಲ. ಮೀಟರಿಗೆ ಗೊತ್ತಾಗದ್ದು ಮನುಷ್ಯರಿಗೆ ಗೊತ್ತಾಗಲಿ ಎಂದೇ ಅಲ್ಲವೇ ಸರ್ಕಾರ ಅಲ್ಲಿ ಕುರ್ಚಿ ಹಾಕಿ ಮನುಷ್ಯರನ್ನು ಕೂರಿಸಿರುವುದು?

ಪಕ್ಕದ ಮನೆಯ ರುಕ್ಸಾರಳಿಗೆ ಆಗಾಗ ಬಂದು ನೋಡು ಎಂದು ಹೇಳಿಟ್ಟೆ. ಅವಳು ಬಂದಾಗಲೆಲ್ಲ ಯಂತ್ರ ಗುಂಯ್ ಎನ್ನುತ್ತಲೇ ಇರುತ್ತಿತ್ತು. ನಾನು ಸಂಜೆ ಕೇಳಿದರೆ ಮಾಲವ್ವ, "ಹಚ್ಚೇ ಇತ್ತಲ್ರಿ, ರುಕ್ಸಾರನ್ನ ಕೇಳ್ರಿ," ಎನ್ನುತ್ತಿದ್ದಳು. ನಾನು ನಂಬಿದೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ರೆಸಾರ್ಟಿಗೆ ಫೋನು ಬಂತು. "ಕಾಕಾ, ಲಗೂನ ಬರ್ರಿ," ಎಂದಳು ರುಕ್ಸಾರ. ನಾನು ಹೋಗುವಷ್ಟರಲ್ಲಿ ಅವಳು ಮಾಲವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ನಳಿಕೆ ಮೂಗಿಗಿತ್ತು, ಯಂತ್ರ ಓಡುತ್ತಿತ್ತು. "ನಾ ಹಚ್ಚೇನ್ರಿ ಕಾಕಾ. ನಾ ಬಂದಾಗ ಬಂದ್ ಇತ್ತು," ಎಂದು ರುಕ್ಸಾರ ಬಿಕ್ಕಿದಳು. "ದಿನಾ ಗೇಟಿನ ಸಪ್ಪಳಾದ ಕೂಡ್ಲೆ ಒಳಗ ಮಷೀನ್ ಚಾಲೂ ಆಗತಿತ್ರಿ. ಇವತ್ತ ಸಪ್ಪಳಾ ಮಾಡಿದೆ, ಚಾಲೂ ಆಗಲೇ ಇಲ್ಲ."

ತಮ್ಮ ಕಚೇರಿಗೆ ಅನ್ಯಾಯವಾಗಬಾರದು, ಆದ್ದರಿಂದ ಇದನ್ನೂ ಬರೆಯುತ್ತೇನೆ. ಅಂದು ಕರೆಂಟು ಹೋಗಿರಲಿಲ್ಲ. ತಂತಿಯ ಮೇಲೆ ಮರ ಬಿದ್ದಿರಲಿಲ್ಲ. ಯಂತ್ರವೂ ಕೆಟ್ಟಿರಲಿಲ್ಲ. ಸಭೆಯಲ್ಲಿ ತಾವು ಹೆಮ್ಮೆಯಿಂದ ಹೇಳಿದ ಆ ಉತ್ತಮ ಸರಕು ನಮ್ಮ ಗೋಡೆಯ ಸ್ವಿಚ್ಚಿನವರೆಗೆ ಬಂದು ಕಾಯುತ್ತ ನಿಂತಿತ್ತು. ಒಳಗೆ ಬಾ ಎನ್ನಲು ಅವಳಿಗೆ ಧೈರ್ಯ ಬರಲಿಲ್ಲ, ಅಷ್ಟೇ. ಮುಂದಿನ ವಾರ ಮೀಟರು ಓದುವ ಶಿವಲಿಂಗ ಬಂದ. ಒಳ್ಳೆಯ ಹುಡುಗ. ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಚೀಟಿ ಹರಿದು ಕೊಡುತ್ತ, "ಭೇಷ್ ಆತ ನೋಡ್ರಿ ಕಾಕಾ, ಈ ಸಲ ಮತ್ತ ಜೀರೋ!" ಎಂದ. ಅದನ್ನು ತೋರಿಸಬೇಕಾದವಳು ಇರಲಿಲ್ಲ. ನಾನು ಅವನಿಗೆ ಕುಡಿಯಲು ನೀರು ಕೊಟ್ಟು ಕಳಿಸಿದೆ. ಬೇರೆ ಏನು ಮಾಡಬೇಕಿತ್ತು, ತಾವೇ ಹೇಳಿ.

ಕರೆಂಟೆಂದರೆ ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು ಎನ್ನುತ್ತೀರಲ್ಲ, ನಾನು ಇಲ್ಲವೆನ್ನುವುದಿಲ್ಲ. ನೀವು ಹಳಿಯಾಳದಲ್ಲಿ ನೂರಾರು ಜನರಿಗೆ ಹೇಳಿದ ಆ ಮಾತನ್ನು ನಿಮ್ಮವರು ಯಾರಾದರೂ ಅವಳಿದ್ದಾಗ ನಮ್ಮ ಮನೆಗೆ ಬಂದು, "ತಂಗಿ, ಇದು ನಿನ್ನ ಸಲುವಾಗಿಯೇ ಇರುವುದು, ಹಚ್ಚಿಕೋ," ಎಂದಿದ್ದರೆ ಅವಳು ಕೇಳುತ್ತಿದ್ದಳು. ಗಂಡನ ಮಾತನ್ನು ಪ್ರೀತಿಯ ಸುಳ್ಳೆಂದುಕೊಂಡಳು. ಸರ್ಕಾರದ ಮಾತನ್ನು ನಂಬುತ್ತಿದ್ದಳು. ಅವಳ ಕಾಲದವರು ಹಾಗೆ.

ಮೊನ್ನೆ ನಮ್ಮ ಜಿಲ್ಲೆಯದೇ ಆದ ರಾಮನಗರದಿಂದ ಜ್ಯೋತಿಬಾ ಎಂಬವನು ಯಂತ್ರ ಕೇಳಿಕೊಂಡು ಬಂದ. ಅವನ ಹೆಂಡತಿಗೂ ಅದೇ ಕಾಯಿಲೆ. ಹೊತ್ತು ತಂದು ರಿಕ್ಷಾದಲ್ಲಿ ಇಟ್ಟುಕೊಟ್ಟೆ. ಒಳಗೆ ಕೂತಿದ್ದ ಆ ಹೆಣ್ಣುಮಗಳು ಕುಪ್ಪಸದ ತೋಳು ಸಡಿಲವಾಗುವಷ್ಟು ಸೊರಗಿದ್ದಳು. ಯಂತ್ರವನ್ನು ಕೈಯಿಂದ ಸವರಿದಳು. ನಾಲ್ಕು ಶಬ್ದಕ್ಕೊಮ್ಮೆ ನಿಂತು, ದಮ್ಮು ಎಳೆದುಕೊಂಡು, ಮರಾಠಿ ಬೆರೆತ ಕನ್ನಡದಲ್ಲಿ ನನ್ನನ್ನು ಕೇಳಿದಳು: "ದಾದಾ, ಇದು ಕರೆಂಟ್... ಭಾಳ ತಿಂತೈತಿ ಕಾಯ್?"

ನಾನು ನಳಿಕೆ ಸುತ್ತಿ ಅವಳ ಕೈಗೆ ಕೊಟ್ಟೆ. ಉತ್ತರ ಕೊಡಬೇಕಾದವರು ತಾವು. ನನ್ನ ಬೇಡಿಕೆ ಇದೊಂದೇ: ಉಸಿರಿನ ಯಂತ್ರ ಓಡುವ ಮನೆಗಳಲ್ಲಿ ಅದರ ಕರೆಂಟನ್ನು ಮನೆಯ ಮಿತಿಯಲ್ಲಿ ಸೇರಿಸಬೇಡಿ. ಆದೇಶ ಬರಲು ತಡವಾದರೆ ಆಗಲಿ, ಕಡತಗಳ ನಡಿಗೆ ನನಗೂ ಗೊತ್ತು. ಆದರೆ ಈ ತಿಂಗಳ ಬಿಲ್ಲು ಆ ಮನೆಗೆ ತಲುಪುವ ಮೊದಲು ನಿಮ್ಮ ಕಡೆಯ ಒಬ್ಬ ಮನುಷ್ಯ ರಾಮನಗರಕ್ಕೆ ಹೋಗಲಿ. ಅವಳೆದುರು ಕೂತು, ಹೆದರಬೇಡವ್ವಾ ಎಂದು ಹೇಳಿ ಬರಲಿ.

ಇಂತಿ, ತಮ್ಮ ದಾಖಲೆಯ ಪ್ರಕಾರ ಯಾವ ಬಾಕಿಯೂ, ಯಾವ ದೂರೂ ಇಲ್ಲದ ಗ್ರಾಹಕ,
ಗೂಳಪ್ಪ
ದಾಂಡೇಲಿ