ಐವತ್ತಾರು ಲೀಟರ್ ನೀರು

ಲಾರ್ಕಿನ್, ನೆವಾಡಾ
ಸೆಪ್ಟೆಂಬರ್ 21, ಭಾನುವಾರ

ಪ್ರೀತಿಯ ಮೈತೆ,

ಚೀಟಿ ನನ್ನ ಹೆಸರಿಗೆ ಬಂದಿದೆ. ಕ್ವಿಲ್ ಬೆಟ್ಟಸಾಲಿನಲ್ಲಿ ಈ ವರ್ಷ ಒಂದೇ ಒಂದು ಕಾಡುಟಗರನ್ನು ಹೊಡೆಯಲು ಪರವಾನಗಿ ಕೊಟ್ಟಿದ್ದಾರೆ. ಆ ಒಂದು ನನ್ನದು. ಜೂನ್‌ನಲ್ಲೇ ಗೊತ್ತಾಗಿತ್ತು, ನಿನಗೆ ಬರೆಯಲು ಮೂರು ತಿಂಗಳು ಬೇಕಾಯಿತು.

ನೆನಪಿದೆಯಾ, ಆಗ ನಮಗಿಬ್ಬರಿಗೂ ಹತ್ತೊಂಬತ್ತು ವರ್ಷ. ನಿನ್ನ ಅಪ್ಪ ಎರಮುನ್ ಕಾಕಾನ ಕುರಿಬಿಡಾರದಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದೆವು. ಕಾಕಾ ಗುಂಡಿಯಲ್ಲಿ ಹೂತಿಟ್ಟ ಪಾತ್ರೆಯಿಂದ ರೊಟ್ಟಿ ತೆಗೆಯುತ್ತಿದ್ದವರು, ಕೈಯಲ್ಲಿದ್ದ ಚಾಕುವಿನಿಂದ ಬೆಟ್ಟದ ನೆತ್ತಿ ತೋರಿಸಿ, “ಅಲ್ನೋಡ್ರೇ, ಕಲ್ಲು ನಡೀತಿದೆ” ಅಂದರು. ನಾವು ಕಂಡ ಮೊದಲ ಟಗರು ಅದು. ಅವತ್ತೇ ನಾವು ಮಾತು ಕೊಟ್ಟುಕೊಂಡೆವು: ಯಾರ ಹೆಸರು ಬಂದರೂ ಇನ್ನೊಬ್ಬಳು ನೀರು ಹೊರಬೇಕು, ದಾರಿ ತೋರಿಸಲು ಯಾವ ಗಂಡಸನ್ನೂ ಕೂಲಿಗೆ ಕರೆಯಬಾರದು. ಕಾಕಾ ನಕ್ಕರು. “ಚೀಟಿ ಬರೋ ಹೊತ್ತಿಗೆ ಇಬ್ರೂ ಕೋಲು ಊರ್ಕೊಂಡು ಓಡಾಡ್ತಿರ್ತೀರಿ. ಆಮೇಲೆ ಕೋಲು ಹಿಡಿಯೋದಾ, ನೀರು ಹೊರೋದಾ?” ಅವರ ಮಾತು ನಿಜವಾಗಿದೆ. ನನ್ನ ಎಡ ಮೊಣಕಾಲು ಈಗ ಇಳಿಜಾರಿನಲ್ಲಿ ಮಾತು ಕೇಳುವುದಿಲ್ಲ.

ನೀನು ಬರಬೇಕು ಎಂದು ಕೇಳಲು ಬರೆಯುತ್ತಿದ್ದೇನೆ. ಆದರೆ ನೀರಿನ ವಿಷಯದಲ್ಲಿ ನಿನಗೆ ಹೇಳಬೇಕಾದದ್ದು ಒಂದಿದೆ. ಅದನ್ನು ಓದಿದ ಮೇಲೆ ನೀನು ಬರುವುದಿಲ್ಲ ಎಂದರೆ ನಾನು ಯಾಕೆ ಎಂದು ಕೇಳುವುದಿಲ್ಲ. ಮೊದಲು ಯೋಜನೆ ಹೇಳುತ್ತೇನೆ. ಏನಾದರೂ ತಪ್ಪಿದ್ದರೆ ಹುಡುಕುವವಳು ನೀನೇ.

ನವೆಂಬರ್ 22ರ ಶನಿವಾರ ಹೊರಡುವುದು. ನನ್ನ ಗಾಡಿಯಲ್ಲಿ ಉಪ್ಪಿನ ಬಯಲು ದಾಟಿ ಒಣಹಳ್ಳದ ಬಾಯಿಯವರೆಗೆ ಹೋಗಬಹುದು. ಅಲ್ಲಿಂದ ಹಳ್ಳದ ಜಲ್ಲಿಕಲ್ಲಿನಲ್ಲಿ ಎರಡೂವರೆ ಮೈಲಿ ನಡಿಗೆ. ಹಳ್ಳ ಎರಡಾಗಿ ಒಡೆಯುವಲ್ಲಿ ಬಲಕ್ಕೆ ತಿರುಗಿ, ಕರಿಬಂಡೆಯ ಮರೆಯಲ್ಲಿ ಡೇರೆ. ಎಡಗಡೆಯ ದಾರಿ ಹತ್ತಿರ, ಆದರೆ ಮಧ್ಯಾಹ್ನದ ಮೇಲೆ ಗಾಳಿ ಅಲ್ಲಿಂದಲೇ ಮೇಲಕ್ಕೆ ಹೋಗುತ್ತದೆ. ನಮ್ಮ ಕಾಫಿಯ ವಾಸನೆ ಟಗರಿಗೆ ನಮಗಿಂತ ಮೊದಲು ತಲುಪುತ್ತದೆ. ಬೆಳಿಗ್ಗೆ ಬಿಸಿಲು ಬೀಳುವ ಮುನ್ನ ದುರ್ಬೀನು ಹಿಡಿದು ಕೂತಿರಬೇಕು. ಕಾಕಾ ಹೇಳುತ್ತಿದ್ದರಲ್ಲ, “ನಡೆಯೋನಿಗೆ ಕುರಿ ಕಾಣಲ್ಲ, ಕುರಿಗೆ ಅವನು ಕಾಣ್ತಾನೆ.” ವನ್ಯಜೀವಿ ಇಲಾಖೆಯವರು ಕಾಡುಕುರಿಗಳಿಗಾಗಿ ಕಟ್ಟಿದ ನೀರಿನ ತೊಟ್ಟಿಯ ಬಳಿ ನಾವು ಕೂರುವುದಿಲ್ಲ. ಬಾಯಾರಿ ಬಂದದ್ದನ್ನು ಹೊಡೆಯುವುದು ಬೇಟೆಯಲ್ಲ. ಕೋವಿ ಒಂದೇ, ನನ್ನದು. ನಿನ್ನ ಕೆಂಪುಮೆಣಸಿನ ಸಾಸೇಜು ತಂದರೆ ಬೀನ್ಸ್ ಕಾಳು ಬೇಯಿಸುವುದು ನನ್ನ ಕೆಲಸ.

ಟಗರನ್ನೂ ನೋಡಿಟ್ಟಿದ್ದೇನೆ. ಆಗಸ್ಟ್‌ನಿಂದ ನಾಲ್ಕು ಸಲ ಕಂಡಿದೆ. ಒಂಟಿಯಾಗಿರುತ್ತದೆ. ಎಡಗೊಂಬಿನ ತುದಿ ಒಡೆದಿದೆ. ಕೊಂಬಿನ ಉಂಗುರಗಳನ್ನು ದುರ್ಬೀನಿನಲ್ಲಿ ಎಣಿಸಿದೆ: ಎರಡು ಸಲ ಹನ್ನೊಂದು, ಒಂದು ಸಲ ಹತ್ತು. ಹನ್ನೊಂದು ಎಂದೇ ಇಟ್ಟುಕೊಳ್ಳೋಣ. ಮೂರನೆಯ ಉಂಗುರದ ನಂತರದ ಬೆಳವಣಿಗೆ ತೀರಾ ಕಿರಿದಾಗಿದೆ, ಬೆರಳಗಲವೂ ಇಲ್ಲ. ಆ ವರ್ಷ ಅದು ಹೊಟ್ಟೆಗೆ ತಿಂದಿಲ್ಲ, ಅಥವಾ ಕಾಯಿಲೆ ಬಿದ್ದಿತ್ತು. ಹನ್ನೊಂದರಲ್ಲಿ ಮೂರು ಕಳೆ. ಎಂಟು ವರ್ಷದ ಹಿಂದೆ. ಯಾವ ಬೇಸಿಗೆ ಎಂದು ನಿನಗೆ ಹೇಳಬೇಕಾಗಿಲ್ಲ.

ಈಗ ನೀರು. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್, ಇಬ್ಬರಿಗೆ, ಏಳು ದಿನಕ್ಕೆ. ಐವತ್ತಾರು ಲೀಟರ್, ಅಂದರೆ ಐವತ್ತಾರು ಕಿಲೋ. ಒಪ್ಪಂದದ ಪ್ರಕಾರ ಹೊರಬೇಕಾದವಳು ನೀನು. ಆದರೆ ನಾನು ಆಗಸ್ಟ್ ಎರಡನೆಯ ವಾರದಿಂದ ಪ್ರತಿ ಶನಿವಾರ ಎಂಟು ಲೀಟರಿನ ಒಂದೊಂದು ಕ್ಯಾನ್ ಹೊತ್ತುಕೊಂಡು ಹೋಗಿ ಕರಿಬಂಡೆಯ ಕೆಳಗೆ ಹೂತು ಬಂದಿದ್ದೇನೆ. ನಿನ್ನೆ ಏಳನೆಯದು. ನಿನಗೆ ಹೊರಲು ಏನೂ ಉಳಿದಿಲ್ಲ.

ಪೆಟ್ರೋಲ್ ಬಂಕಿನ ಓರ್ಲಿನ್ ನನ್ನ ಹೆಗಲ ಮೇಲಿನ ಪಟ್ಟಿಯ ಗುರುತು ನೋಡಿ, “ಅಲ್ಲಾ ನೆಡ್ರಾ, ಮೊದಲು ಆಡಿನ ಬೆನ್ನಿಗೆ ಹೇರ್ತಿದ್ದೆ. ಈಗ ನೀನೇ ಆಡಾದೆಯಾ? ಹೊಟ್ಟೆಗೆ ಹುಲ್ಲೇ ಹಾಕ್ತಾರಾ ಹೇಗೆ?” ಎಂದು ಕೇಳಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಈ ಪತ್ರ ಶುರುಮಾಡಿದೆ. ಅದು ಮೂರು ವಾರದ ಹಿಂದೆ.

ನನ್ನ ಎರಡು ಹೋತಗಳು ನಿನಗೆ ನೆನಪಿರಬೇಕು. ಜಡ್ಜ್, ಷೆರಿಫ್. ಹೆಸರಿಟ್ಟವಳು ನೀನೇ: “ಮುಖ ನೋಡೆ, ತೀರ್ಪು ಕೊಡೋ ಹಾಗೆ ನಿಂತಿದಾನೆ.” ಎಂಟು ವರ್ಷದ ಹಿಂದೆ, ಜೂನ್‌ನಲ್ಲಿ, ಬೆಟ್ಟ ನೋಡಿಕೊಂಡು ಬರೋಣ ಎಂದು ನಾನು ಅವೆರಡರ ಬೆನ್ನಿಗೂ ನೀರು ಹೇರಿಕೊಂಡು ಕ್ವಿಲ್ ಹತ್ತಿದೆ. ಚೀಟಿ ಇರಲಿಲ್ಲ. ಅರ್ಜಿ ಹಾಕಿ ಹಾಕಿ ಹದಿನೆಂಟು ವರ್ಷವಾಗಿತ್ತು. ಇನ್ನೇನು ಬರುತ್ತದೆ ಎಂಬ ಆಸೆ. ಸಾಕಿದ ಆಡು, ಕುರಿ ಯಾವುದನ್ನೂ ಕಾಡುಕುರಿಯ ಬೆಟ್ಟಕ್ಕೆ ಒಯ್ಯಬೇಡಿ, ಇವುಗಳ ಮೂಗಿನಲ್ಲಿರುವುದು ಅವುಗಳ ಎದೆಗೆ ಇಳಿಯುತ್ತದೆ ಎಂದು ಇಲಾಖೆಯವರು ಅರ್ಜಿಯ ಜೊತೆಗೇ ಒಂದು ಹಾಳೆ ಕಳಿಸುತ್ತಾರೆ. ನಾನು ಅದನ್ನು ಓದಿದ್ದೆ. ಎರಡು ದಿನದಲ್ಲಿ ಏನಾಗುತ್ತದೆ ಎಂದುಕೊಂಡೆ.

ಮಧ್ಯಾಹ್ನ ಎರಡನ್ನೂ ಜೂನಿಪರ್ ಮರದ ಬೇರಿಗೆ ಕಟ್ಟಿ ದುರ್ಬೀನು ಹಿಡಿದು ಬಂಡೆಯ ಮೇಲೆ ಕೂತೆ. ಬಿಸಿಲಿಗೆ ಕಣ್ಣು ಹತ್ತಿತು. ಎದ್ದಾಗ ಷೆರಿಫ್ ಒಬ್ಬನೇ ಇದ್ದ. ಜಡ್ಜ್ ಹಗ್ಗ ಜಾರಿಸಿಕೊಂಡು ಹೋಗಿದ್ದ. ಕತ್ತಲಾಗುವವರೆಗೆ ಕೂಗಿದೆ, ಮರುದಿನ ಇಡೀ ಹುಡುಕಿದೆ. ನೀರು ಮುಗಿದ ಮೇಲೆ ಇಳಿದು ಬಂದೆ. ಮೂರನೆಯ ದಿನ ಬೆಳಿಗ್ಗೆ ಅವನು ನನ್ನ ಮನೆಯ ಗೇಟಿನ ಹತ್ತಿರ ನಿಂತಿದ್ದ, ಏನೂ ಆಗದವನ ಹಾಗೆ.

ಆ ಆಗಸ್ಟ್‌ನಲ್ಲಿ ಬೆಟ್ಟದ ಕಾಡುಕುರಿಗಳು ಸಾಯತೊಡಗಿದವು. ಅರವತ್ತೆರಡರಲ್ಲಿ ಹತ್ತೊಂಬತ್ತು ಉಳಿದವು. ಮುಂದಿನ ನಾಲ್ಕು ವರ್ಷ ಹುಟ್ಟಿದ ಮರಿಗಳು ಒಂದೂ ಬೇಸಿಗೆ ದಾಟಲಿಲ್ಲ.

ಶಾಲೆಯ ಸಭಾಂಗಣದ ಆ ಸಭೆಗೆ ನೀನು ಬಂದಿದ್ದೆ, ಆದರೆ ಹಿಂದೆ ಬಾಗಿಲ ಹತ್ತಿರ ನಿಂತಿದ್ದೆ. ಮುಂದೆ ಕೂತವರ ಮುಖ ನಿನಗೆ ಕಂಡಿರಲಾರದು. ನಾನು ಮೂರನೆಯ ಸಾಲಿನಲ್ಲಿದ್ದೆ. ಕಾಯಿಲೆ ಎಲ್ಲಿಂದ ಬಂತು ಎಂದು ಖಚಿತವಾಗಿ ಹೇಳಲಾಗದು ಎಂದೇ ಇಲಾಖೆಯವರು ಅಂದರು. ಖಚಿತವಾಗಿ ಹೇಳಿದವರು ನಮ್ಮವರು. “ಬೆಟ್ಟದ ಬುಡದಲ್ಲಿ ಸಾವಿರ ಕುರಿ ಮೇಯಿಸೋನು ಈ ಎರಮುನ್ ಒಬ್ನೇ. ಇನ್ನೇನು ಕುರಿಗಳು ಪೋಸ್ಟಲ್ಲಿ ತರಿಸ್ಕೊಂಡ್ವಾ ಕೆಮ್ಮನ್ನ?” “ಹೋಗ್ಲಿ ಬಿಡ್ರಪ್ಪಾ, ಮುದುಕ್ರಿಗೆ ಕಣ್ಣು ಸರಿಯಾಗಿ ಕಾಣಲ್ಲ, ಯಾವ ಕುರಿ ಎಲ್ಲಿ ಹೋಯ್ತೋ ಪಾಪ.” ಈ ಎರಡನೆಯದು ಕರುಣೆಯ ಮಾತು, ಅದೇ ಹೆಚ್ಚು ನೋಯಿಸಿತು. ಕಾಕಾ ಎದ್ದು ನಿಂತರು. ಟೋಪಿ ಕೈಯಲ್ಲಿತ್ತು. “ನನ್ನ ಕುರಿ ಈ ಬೇಸಿಗೆ ಹಳ್ಳ ದಾಟಿಲ್ಲ. ನಾನು ಹೇಳೋದು ಇಷ್ಟೇ” ಅಂದರು. ಸಭೆಯನ್ನು ಒಮ್ಮೆ ನೋಡಿದರು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಕೂತರು.

ಚಳಿಗಾಲಕ್ಕೆ ಮುಂಚೆ ಅವರ ಮೇವಿನ ನೆಲ ಹೋಯಿತು, ಕುರಿಗಳು ಹೋದವು, ನಾಯಿಗಳನ್ನು ಯಾರಿಗೋ ಕೊಟ್ಟರು. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನೀನು ನನ್ನ ತೋಳು ಹಿಡಿದು, “ನೀನೂ ನಂಬ್ತೀಯೇನೆ?” ಎಂದು ಕೇಳಿದೆ. ನಾನು, “ನಂಗೇನು ಗೊತ್ತಾಗುತ್ತೆ ಕಣೆ, ಇಲಾಖೆಯವರು ನೋಡ್ತಿದಾರಲ್ಲ” ಅಂದೆ. ನೀನು ಕೈ ಬಿಟ್ಟೆ. ನೀವು ಊರು ಬಿಟ್ಟು ಬಾಯ್ಸಿ ನಗರಕ್ಕೆ ಹೊರಟ ದಿನ ನಾನು ಬರಲಿಲ್ಲ. ಜ್ವರ ಎಂದು ಹೇಳಿ ಕಳಿಸಿದ್ದೆ. ಜ್ವರ ಇರಲಿಲ್ಲ. ಇಷ್ಟಾದರೂ ನೀನು ಪ್ರತಿ ಡಿಸೆಂಬರ್ ಕಾರ್ಡ್ ಕಳಿಸಿದೆ, ನಿನ್ನ ಓರೆ ಅಕ್ಷರದಲ್ಲಿ “ಪ್ರೀತಿಯಿಂದ” ಎಂದು ಬರೆದು. ನಾನೂ ಉತ್ತರಕ್ಕೆ ಕಾರ್ಡ್ ಕಳಿಸಿದೆ. ಅದರಲ್ಲಿ ಹೆಸರು ಬಿಟ್ಟು ಬೇರೇನೂ ಬರೆಯಲಾಗುತ್ತಿರಲಿಲ್ಲ.

ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯ. ಹೆದರಿಕೆ ಎಂದು ಬರೆದು, ಹೊಡೆದು ಹಾಕಿದೆ. ಹೆದರಿಕೆ ಅಲ್ಲ. ಹೇಳಿದ್ದರೆ ನನ್ನ ಹೆಸರನ್ನು ಚೀಟಿಯಿಂದ ತೆಗೆಯುತ್ತಿದ್ದರು, ಹದಿನೆಂಟು ವರ್ಷ ಕಾದದ್ದು ಹೋಗುತ್ತಿತ್ತು. ಇಷ್ಟೇ. ಇಲಾಖೆಯವರು ಬೇಟೆ ನಿಲ್ಲಿಸಿದ್ದ ವರ್ಷಗಳಲ್ಲೂ ನಾನು ಬಿಡದೆ ಅರ್ಜಿ ಹಾಕಿದೆ. ನೀನು ಆ ವರ್ಷವೇ ನಿಲ್ಲಿಸಿದೆ ಎಂದು ಕೇಳಿ ಸಾಲು ಒಂದು ಹೆಸರಿನಷ್ಟು ಚಿಕ್ಕದಾಯಿತು ಎಂದುಕೊಂಡಿದ್ದೂ ಉಂಟು. ಇದನ್ನೂ ನಿನಗೆ ಹೇಳಿಬಿಡಬೇಕು.

ಷೆರಿಫ್ ಸತ್ತು ಮೂರು ವರ್ಷವಾಯಿತು. ಜಡ್ಜ್ ಇದ್ದಾನೆ. ಹನ್ನೆರಡು ವರ್ಷ, ಹಲ್ಲಿಲ್ಲ, ಓಟ್ಸ್ ನೆನೆಸಿ ಕೊಡುತ್ತೇನೆ. ಜುಲೈನಲ್ಲಿ ಪರವಾನಗಿ ತೆಗೆದುಕೊಂಡವರಿಗೆ ಬೆಟ್ಟದ ವಿಷಯ ಹೇಳಲು ಇಲಾಖೆಯಿಂದ ಕೋರಲ್ ಎಂಬ ಹುಡುಗಿ ಬಂದಿದ್ದಳು. ಮಾತಿನ ನಡುವೆ, ಆಗ ಸತ್ತ ಕುರಿಗಳ ಶ್ವಾಸಕೋಶದ ಚೂರುಗಳನ್ನು ಮಂಜುಗಡ್ಡೆಯಲ್ಲಿ ಇಟ್ಟಿದ್ದೇವೆ, ಯಾವ ಮಂದೆಯಿಂದ ಕಾಯಿಲೆ ಬಂತೆಂದು ಈಗಾದರೆ ಹೇಳಬಹುದು, ಆದರೆ ಆ ಮುದುಕರ ಕುರಿಗಳೇ ಇಲ್ಲವಲ್ಲ, ಯಾವುದರ ಜೊತೆ ಹೋಲಿಸುವುದು ಎಂದಳು. ನಾನು ಅವಳಿಗೆ ಕಾಫಿ ಬಗ್ಗಿಸಿದೆ. ಅವಳ ಬೆನ್ನ ಹಿಂದೆ, ಕಿಟಕಿಯಾಚೆ, ಜಡ್ಜ್ ಬೇಲಿಗೆ ಮೈ ಉಜ್ಜುತ್ತಿದ್ದ.

ಆಗಲೂ ಹೇಳಲಿಲ್ಲ. ಮೊದಲ ನಾಲ್ಕು ಕ್ಯಾನ್ ಹೊತ್ತ ಮೇಲೆ ಕೋರಲ್‌ಗೆ ಹೇಳಿದೆ. ಆಗಸ್ಟ್ ಕೊನೆಯಲ್ಲಿ ಆ ಟಗರಿನ ಕೊಂಬು ದುರ್ಬೀನಿನಲ್ಲಿ ಮೊದಲ ಬಾರಿ ಸ್ಪಷ್ಟವಾಗಿ ಕಂಡ ದಿನ. ಅದು ತಲೆ ತಗ್ಗಿಸಿ ಎರಡು ಸಲ ಕೆಮ್ಮಿತು. ಎಂಟು ವರ್ಷದ ಹಿಂದಿನ ಕೆಮ್ಮು ಅದರ ಎದೆಯಲ್ಲಿ ಇನ್ನೂ ಇದೆಯೋ, ಗಂಟಲಿಗೆ ಧೂಳು ಸಿಕ್ಕಿತೋ, ಅಷ್ಟು ದೂರದಿಂದ ನಾನು ಹೇಳಲಾರೆ.

ಕೋರಲ್ ಬಂದು ಜಡ್ಜ್‌ನ ಮೂಗಿನಿಂದ ಹತ್ತಿಯಲ್ಲಿ ದ್ರವ ತೆಗೆದುಕೊಂಡು ಹೋದಳು. ಅವನು ಅವಳ ಅಂಗಿಯ ಗುಂಡಿ ತಿಂದ. “ಸಾಕ್ಷಿಗೆ ಲಂಚ” ಎಂದು ಅವಳು ನಕ್ಕಳು. ನನ್ನ ಮುಖ ನೋಡಿ ಹತ್ತಿಯ ಸೀಸೆಗೆ ಮುಚ್ಚಳ ಹಾಕಿದಳು. ಮಂಗಳವಾರ ಫಲಿತಾಂಶ ಬಂತು. ಸತ್ತ ಕುರಿಗಳ ಎದೆಯಲ್ಲಿದ್ದದ್ದೂ ಜಡ್ಜ್‌ನ ಮೂಗಿನಲ್ಲಿರುವುದೂ ಒಂದೇ. ಕಾಕಾನ ಕುರಿಗಳಿಂದ ಏನೂ ಆಗಿರಲಿಲ್ಲ. ಇಲಾಖೆಗೆ ಎಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟಿದ್ದೇನೆ. ನಕಲು ಇದರ ಜೊತೆಗಿದೆ. ಊರಿನ ಪತ್ರಿಕೆಗೂ ಕೊಟ್ಟೆ, ಗುರುವಾರ ಬರುತ್ತದೆ. ಓರ್ಲಿನ್ ಮುಂದೆ ಯಾವ ತಮಾಷೆ ಮಾಡುತ್ತಾನೋ ನೋಡಬೇಕು. ಪರವಾನಗಿ ವಾಪಸು ತೆಗೆದುಕೊಳ್ಳಬಹುದು ಎಂದು ಕೋರಲ್ ಹೇಳಿದಳು. ತೆಗೆದುಕೊಳ್ಳಲಿ.

ಆದರೂ ನೀನು ಬಾ ಎಂದು ಕೇಳುತ್ತೇನೆ. ಪರವಾನಗಿ ಹೋದರೆ ಕೋವಿ ಇಲ್ಲದೆ ಹೋಗೋಣ. ನೀರು ಹೇಗೂ ಮೇಲಿದೆ. ಕಾಕಾನನ್ನೂ ಒಣಹಳ್ಳದ ಬಾಯಿಯವರೆಗೆ ಗಾಡಿಯಲ್ಲಿ ಕರೆತರಬಹುದು. ಅಲ್ಲಿಂದ ನೆತ್ತಿ ಕಾಣುತ್ತದೆ. ಅವರ ಕಣ್ಣು ಈಗಲೂ ನಮಗಿಂತ ಚುರುಕು ಎಂದು ನೀನೇ ಹೋದ ವರ್ಷದ ಕಾರ್ಡಿನಲ್ಲಿ ಬರೆದಿದ್ದೆ. ಅವರಿಗೆ ಈ ಪತ್ರ ಓದಿ ಹೇಳು. ಎಂಬತ್ತಾರು ವರ್ಷದ ಮುದುಕ, ಹಳೆಯದೆಲ್ಲ ಮರೆತಿದೆ ಎಂದು ಅವರು ಹೇಳಬಹುದು. ನಂಬಬೇಡ.

ನಿನ್ನ ಸ್ನೇಹಕ್ಕೆ ಯೋಗ್ಯಳಾಗಿ ಉಳಿಯದ,
ನೆಡ್ರಾ

ಮತ್ತೆ: ಲಕೋಟೆ ಅಂಟಿಸಿದ್ದೆ, ಒಡೆದು ಬರೆಯುತ್ತಿದ್ದೇನೆ. ಮೇಲೆ ಒಂದು ಕಡೆ ನಿಜವನ್ನು ಅರ್ಧ ಬರೆದೆ. ಜಡ್ಜ್ ಗೇಟಿನ ಹತ್ತಿರ ನಿಂತಿದ್ದ ಎಂಬುದು ಸರಿ, ತಾನಾಗಿ ಬಂದಿರಲಿಲ್ಲ. ನಿನ್ನ ಅಪ್ಪ ಅವನನ್ನು ತಮ್ಮ ಗಾಡಿಯಲ್ಲಿ ತಂದು ಗೇಟಿಗೆ ಕಟ್ಟುತ್ತಿದ್ದರು. “ಮೇಲೆ ಟಗರುಗಳ ಮಧ್ಯೆ ನಿಂತಿದ್ದ ಕಣಮ್ಮ. ಮೂಗಿಗೆ ಮೂಗು ತಾಗಿಸ್ಕೊಂಡು. ಇಲಾಖೆಯವರಿಗೆ ನೀನೇ ಹೇಳ್ತೀಯಲ್ಲ?” ಎಂದು ಕೇಳಿದರು. ನಾನು “ನಾಳೆ ಹೇಳ್ತೀನಿ ಕಾಕಾ” ಅಂದೆ. ಸಭೆಯಲ್ಲಿ ಅವರು ಎದ್ದು ನಿಂತು ನೋಡಿದ್ದು ಸಭೆಯನ್ನಲ್ಲ, ಮೂರನೆಯ ಸಾಲನ್ನು. ನಾನು ಏಳಲಿ ಎಂದು ಕಾದು, ಆಮೇಲೆ ಕೂತರು. ಅವರು ಯಾರಿಗೂ ಹೇಳಲಿಲ್ಲ. ಪ್ರತಿ ಡಿಸೆಂಬರ್ ನಿನ್ನ ಕಾರ್ಡ್ ಬಂದಾಗ ಮೊದಲು ಆ “ಪ್ರೀತಿಯಿಂದ” ಇದೆಯೇ ಎಂದು ನೋಡುತ್ತಿದ್ದೆ. ಇದ್ದರೆ, ಈ ವರ್ಷವೂ ಅವರು ನಿನಗೆ ಹೇಳಿಲ್ಲ ಎಂದು ತಿಳಿದುಕೊಳ್ಳುತ್ತಿದ್ದೆ.