ನಾರ್ಮಲ್ ಹೊಟ್ಟೆಯ ಪಾಠ

ಮಲ್ಕಾಜ್‌ಗಿರಿ,
ಗುರುವಾರ

ಡಾಕ್ಟರಮ್ಮ ತೇಜಸ್ವಿನಿ ಅವರಿಗೆ, ನಿಮ್ಮ ಖಾಯಂ ಪೇಶಂಟ್ ಗುರುಸಿದ್ದಪ್ಪ ಕಾಕಾ ಮಲಗಿದಲ್ಲಿಂದಲೇ ಕೈ ಎತ್ತಿ ಮಾಡುವ ಆಶೀರ್ವಾದ.

ಫೋನ್ ಎತ್ತುವುದಿಲ್ಲ ನೀವು. ಮೆಸೇಜು ಹಾಕಿದರೆ ಕೈ ಮುಗಿದ ಚಿತ್ರ ಒಂದು ಕಳಿಸಿ ಸುಮ್ಮನಾಗುತ್ತೀರಿ. ಇನ್ನು ಮೇಲೆ ಕ್ಯಾಮೆರಾ ಮುಂದೆ ನಿಲ್ಲುವುದಿಲ್ಲ, ಹೊಟ್ಟೆಯ ವಿಡಿಯೋ ತೆಗೆದುಹಾಕಿ ಅಂತ ನೀವು ಗಚ್ಚಿಬೌಲಿಯ ನಮ್ಮ ಮೆಡಿಕಲ್ ಕೋಚಿಂಗ್ ಸೆಂಟರಿನವರಿಗೆ ಹೇಳಿದ್ದೀರಂತೆ. ಕ್ಯಾಮೆರಾದ ಪವನ ಬಂದು ತಿಳಿಸಿದ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲವಲ್ಲ. ಇಂಜೆಕ್ಷನ್ ಆದ ವಾರ ಪೆನ್ನು ಹಿಡಿದರೂ ಬೆರಳು ಜುಮ್ಮೆನ್ನುತ್ತದೆ, ಬಾಯಲ್ಲಿ ಕಬ್ಬಿಣದ ರುಚಿ. ಅಕ್ಷರ ಸೊಟ್ಟಗಿದ್ದರೆ ಅದು ಔಷಧದ ಕೈವಾಡ, ನನ್ನದಲ್ಲ.

ನನ್ನ ದಂಧೆ ನಿಮಗೆ ಗೊತ್ತು. ಸೇಡಂ ಕಡೆಯಿಂದ ಈ ಊರಿಗೆ ಬಂದವನು ನಾಲಿಗೆಯ ಮೇಲೆ ಮನೆ ಕಟ್ಟಿದೆ. ರೈಲ್ವೆ ಕ್ವಾರ್ಟರ್ಸ್‌ಗಳಲ್ಲಿ ಸೀರೆ ಗಂಟು ಬಿಚ್ಚಿ ತೆಲುಗಿನವರಿಗೆ ತೆಲುಗಿನಲ್ಲಿ, ಸಾಬರ ಮನೆಯಲ್ಲಿ ದಖನಿಯಲ್ಲಿ, ನಮ್ಮವರಿಗೆ ನಮ್ಮ ಮಾತಿನಲ್ಲಿ ಮಾರಿದೆ. ಮೊಣಕಾಲು ಸೋತ ಮೇಲೆ ಪವನ ನನ್ನನ್ನು ನಿಮ್ಮಲ್ಲಿಗೆ ಕರೆತಂದ, ಪಾಠದ ವಿಡಿಯೋಗಳಲ್ಲಿ ಪೇಶಂಟಿನ ವೇಷ ಹಾಕಲು. ಜೀವಮಾನವಿಡೀ ಬಾಯಿ ಬಿಟ್ಟು ಗಳಿಸಿದವನಿಗೆ ಬಾಯಿ ಮುಚ್ಚಿ ಮಲಗುವ ಕೆಲಸ. ಮೊದಲ ದಿನ ನಾನು ಅಂಗಿ ಬಿಚ್ಚಲು ನಾಚಿಕೊಂಡು ನಿಂತಾಗ ನೀವು, “ನಮ್ಮ ಕಡೆಯವರ ಇದ್ದಂಗ ಇದೀರಿ. ಯಾವೂರ್ರಿ ಕಾಕಾ?” ಅಂದಿರಿ. ನಿಮ್ಮದು ಧಾರವಾಡದ ಮನೆತನ, ನಿಮ್ಮ ಅಪ್ಪ ಇಲ್ಲಿನ ಡಿಫೆನ್ಸ್ ಕಾರ್ಖಾನೆಯಲ್ಲಿದ್ದವರು ಅಂತ ಆಮೇಲೆ ತಿಳಿಯಿತು. ಅವತ್ತಿನಿಂದ ನಾನು ಆ ಸೆಂಟರಿಗೆಲ್ಲ ಕಾಕಾ.

ಏನೇನು ರೋಗ ಬಂದವು ನನಗೆ ಆ ಮಂಚದ ಮೇಲೆ. ಬೆಳಗ್ಗೆ ಅಪೆಂಡಿಕ್ಸ್, ಊಟವಾದ ಮೇಲೆ ಲಕ್ವ. ಸಂಜೆ ಎದ್ದು ಮೆಟ್ರೋ ಹಿಡಿದು ಮನೆಗೆ. ನನ್ನ ಹೆಂಡತಿ ಸುಭದ್ರಾ ಬಾಗಿಲಲ್ಲೇ, “ಇವತ್ತ ಯಾವುದರಾಗ ಸತ್ತು ಬಂದ್ರಿ?” ಅಂತ ಕೇಳುತ್ತಿದ್ದಳು.

ನೀವು ಕಲಿಸುವ ರೀತಿ ನನಗೆ ಹಿಡಿಸುತ್ತಿತ್ತು. ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಿರಿ. ಎಲ್ಲಿ ನೋವು ಅಂತ ಮೊದಲು ಕೇಳಿ, ಆ ಜಾಗವನ್ನು ಕೊನೆಗೆ ಮುಟ್ಟುತ್ತಿದ್ದಿರಿ. ಹೊಟ್ಟೆ ಒತ್ತುವಾಗ ಕಣ್ಣು ಕೈಯ ಮೇಲಲ್ಲ, ಪೇಶಂಟಿನ ಮುಖದ ಮೇಲಿರಬೇಕು, ಬಾಯಿ ಇಲ್ಲ ಅಂದರೂ ಹುಬ್ಬು ಹೌದು ಅನ್ನುತ್ತದೆ ಅಂತ ಪ್ರತಿ ವಿಡಿಯೋದಲ್ಲೂ ಹೇಳುವಿರಿ. ಅದು ನಮ್ಮ ಕಸುಬಿನ ಪಾಠವೇ. ಕೈ ಸೀರೆಯ ಸೆರಗಿನ ಮೇಲಿದ್ದರೂ ಕಣ್ಣು ಗಿರಾಕಿಯ ಮುಖ ಬಿಟ್ಟು ಕದಲಬಾರದು. ನಾನು ಹಾಗಂದಾಗ, “ಹಂಗಾರ ನಾನೂ ಸೀರಿ ಮಾರಬಹುದ್ರಿ” ಅಂತ ನಕ್ಕಿರಿ.

ಆ ದಿನದ ಪಾಠ ನಾರ್ಮಲ್ ಹೊಟ್ಟೆ. ರೋಗವಿಲ್ಲದ ಹೊಟ್ಟೆಯನ್ನು ಹೇಗೆ ನೋಡಬೇಕು ಅನ್ನುವುದು. “ಕಾಕಾ, ಈರೋಜು ಯಾಕ್ಟಿಂಗ್ ವದ್ದು” ಅಂದ ಪವನ. ನಟನೆ ಬೇಡವೆಂದರೆ ನನಗೆ ರಜೆ ಸಿಕ್ಕಂತೆ. ಕೆಲವು ವಾರದಿಂದ ಹೊಟ್ಟೆ ಭಾರವೆನಿಸುತ್ತಿತ್ತು, ಗ್ಯಾಸ್ ಅಂತ ಮಾತ್ರೆ ನುಂಗಿ ಬಂದಿದ್ದೆ. ನೀವು ಬಲಗಡೆ ಕೆಳಗೆ ಆಳವಾಗಿ ಒತ್ತಿದಾಗ ಒಳಗೆ ಏನೋ ಕಚ್ಚಿದಂತಾಯಿತು. ಬೇರೆ ಯಾರಾದರೂ ಆಗಿದ್ದರೆ ಹಾ ಅನ್ನುತ್ತಿದ್ದರು. ನಾನು ಅನುಭವಸ್ಥ. ಸ್ಕ್ರಿಪ್ಟಿನಲ್ಲಿ ನಾರ್ಮಲ್ ಅಂತ ಇದೆ, ಮುಖ ಕಿವುಚಿದರೆ ರೀಟೇಕು. ಸದ್ದು ಬರಬಾರದೆಂದು ಎಸಿ ಆರಿಸಿದ್ದರು, ವಾರ್ಡಿನಿಂದ ನೇರವಾಗಿ ಬಂದಿದ್ದ ನಿಮ್ಮ ಹಣೆಯಲ್ಲಿ ಬೆವರಿತ್ತು. ಗೋಡೆಯ ಮೇಲಿನ ಫೋಟೋದಂತೆ ಮುಖ ಮಾಡಿಕೊಂಡು ಮಲಗಿದೆ.

ಆ ಹೊತ್ತಿಗೆ ಸರಿಯಾಗಿ ನೀವು ನಿಮ್ಮ ಮಾತು ಹೇಳುತ್ತಿದ್ದಿರಿ, ಕಣ್ಣು ಪೇಶಂಟಿನ ಮುಖದ ಮೇಲಿರಬೇಕು ಅಂತ. ಹೇಳುತ್ತಾ ಲೆನ್ಸ್ ನೋಡುತ್ತಿದ್ದಿರಿ. ಕಲಿಯುವ ಮಕ್ಕಳು ಅಲ್ಲಿದ್ದಾರಲ್ಲ, ಅವರ ಕಡೆಗೇ ನೋಡಿ ಮಾತಾಡಬೇಕು. ನಾನು ಮೇಲಿನ ಲೈಟು ನೋಡುತ್ತಿದ್ದೆ. ಪವನ ಅವನ ಪುಟ್ಟ ಪರದೆ ನೋಡುತ್ತಿದ್ದ. “ನೋವಿಲ್ಲ ಅಲ್ರಿ ಕಾಕಾ?” ಅಂದಿರಿ. “ಏನೂ ಇಲ್ಲವ್ವಾ” ಅಂದೆ. ಇಬ್ಬರೂ ಚೆನ್ನಾಗಿ ಮಾಡಿದೆವು ಅಂತ ಪವನ ಹೆಬ್ಬೆರಳು ಎತ್ತಿದ.

ಆಮೇಲೆ ವಿಡಿಯೋದ ಕೆಳಗೆ ಆ ನಚಿಕೇತನ ಕಾಮೆಂಟು ಬಂತು. ಯಾವ ಊರಿನ ಹುಡುಗನೋ, ಯಾವ ಕಾಲೇಜೋ. ಮೇಡಂ ಬಲಗಡೆ ಕೆಳಗೆ ಒತ್ತಿದಾಗ ಅಂಕಲ್ ಕಾಲಿನ ಬೆರಳುಗಳು ಮಡಚಿಕೊಳ್ಳುತ್ತವೆ, ಇದೂ ನಾರ್ಮಲ್ಲಾ ಅಂತ ಕೇಳಿದ್ದ. ಅಂಕಲ್‌ಗೆ ಕಚಗುಳಿ ಅಂತ ಉಳಿದವರು ಅವನನ್ನೇ ಗೇಲಿ ಮಾಡಿದ್ದರು. ನೀವು ನಗಲಿಲ್ಲ. ಮರುದಿನವೇ ನನ್ನನ್ನು ಕರೆಸಿ, ಕ್ಯಾಮೆರಾ ಇಲ್ಲದ ಕೋಣೆಯಲ್ಲಿ ಮಲಗಿಸಿ, ಮುಖವನ್ನೇ ನೋಡುತ್ತಾ ಒತ್ತಿದಿರಿ. ಕೈ ಅಲ್ಲೇ ನಿಂತಿತು. “ಕಾಕಾ, ಇದು ಯಾವಾಗಿನಿಂದ ನೋಯಾಕತ್ತೈತ್ರಿ?” ಅಂದಿರಿ. ನೀವು ನನ್ನ ಮುಖ ಓದುವ ಮೊದಲೇ ನಿಮ್ಮ ಮುಖ ನಾನು ಓದಿಬಿಟ್ಟಿದ್ದೆ, ಹಳೆಯ ಚಾಳಿ.

ಸ್ಕ್ಯಾನ್ ಆಯಿತು, ಟ್ಯೂಬ್ ಹಾಕಿ ನೋಡಿದರು. ದೊಡ್ಡ ಕರುಳು ಶುರುವಾಗುವಲ್ಲೇ ಕ್ಯಾನ್ಸರಿನ ಗಂಟು. ಆಪರೇಷನ್ನಿಗೆ ಮುಂಚೆ ನಾನು ಅದೇ ಆಪರೇಷನ್ನಿನ ವಿಡಿಯೋ ಹುಡುಕಿ ಪೂರ್ತಿ ನೋಡಿದೆ. “ಮದುವಿ ಕ್ಯಾಸೆಟ್ ನೋಡಿದಂಗ ನೋಡಾಕತ್ತೀರಲ್ಲ, ಎದಿ ಅಂಬೋದು ಐತೋ ಇಲ್ಲೋ?” ಅಂತ ಸುಭದ್ರಾ ಫೋನ್ ಕಸಿದುಕೊಂಡಳು. ಅಷ್ಟರಲ್ಲಿ ನೋಡಿ ಮುಗಿಸಿದ್ದೆ. ಕತ್ತರಿಸುವುದು, ಹೊಲಿಯುವುದು ಎಲ್ಲ ನೀಟಾಗಿತ್ತು, ಒಳ್ಳೆಯ ಟೇಲರಿನ ಕೆಲಸ. ಆದರೆ ಆ ಮನುಷ್ಯನಿಗೆ ಮುಖ ಇರಲಿಲ್ಲ. ಹಸಿರು ಬಟ್ಟೆಯ ನಡುವೆ ಕಿಟಕಿಯಷ್ಟು ಹೊಟ್ಟೆ. ಅಲ್ಲಿ ಮುಖ ಬೇಕಾಗುವುದಿಲ್ಲ, ಅವನು ನಿದ್ದೆಯಲ್ಲಿರುತ್ತಾನೆ. ಎಚ್ಚರ ಇದ್ದವನದೇ ಕಷ್ಟ.

ನನ್ನನ್ನು ಒಳಗೆ ಒಯ್ಯುವಾಗ ನೀವು ಬಾಗಿಲ ತನಕ ಸ್ಟ್ರೆಚರಿನ ಕಂಬಿ ಹಿಡಿದು ಬಂದಿರಿ. ಅದೇ ಕೊನೆ, ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ತಪ್ಪನ್ನು ಪಾಲು ಮಾಡಲು ಇದನ್ನು ಬರೆಯುತ್ತಿಲ್ಲ. ವಾಂತಿ ಶುರುವಾಗಿ, ಕರುಳು ಕಟ್ಟಿ ಬಂದಿದ್ದರೆ ಮಾತೇ ಬೇರೆ ಇತ್ತು ಅಂತ ಸರ್ಜನ್ ಹೇಳಿದರು. ಅದಕ್ಕೆ ಮೊದಲೇ ನಿಮ್ಮ ಕೈಯೇ ನನ್ನನ್ನು ಅವರಲ್ಲಿಗೆ ಕಳಿಸಿದ್ದು. ಹಾಗಂತ ಮುಂದಿನದು ಸಲೀಸು ಅಂತಲೂ ಹೇಳಲಾರೆ. ಪಕ್ಕದ ಗ್ರಂಥಿಗಳಿಗೂ ತಗುಲಿತ್ತು, ಅದಕ್ಕೇ ಈ ಇಂಜೆಕ್ಷನ್ನುಗಳು. ನೀವು ಡಾಕ್ಟರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ದಣಿದಿದ್ದೇನೆ, ಅವ್ವಾ. ನೋವಿಗಿಂತ ಹೆಚ್ಚಾಗಿ ಬಂದು ಹೋಗುವವರಿಂದ ದಣಿದಿದ್ದೇನೆ. “ಆರಾಮ್ ಕಾಣಾಕತ್ತೀರಿ ಬಿಡ್ರಿ” ಅನ್ನುತ್ತಾರೆ, ಆರಾಮ ಅನ್ನುತ್ತೇನೆ. ಅಡಿಗೆಮನೆಯಿಂದ ಸುಭದ್ರಾ ಕೇಳಿಸಿಕೊಳ್ಳುತ್ತಿರುತ್ತಾಳೆ, ಅವಳಿಗೋಸ್ಕರ ಇನ್ನೊಂದು ಸಲ ಜೋರಾಗಿ ಆರಾಮ ಅನ್ನುತ್ತೇನೆ. ಆ ನಾರ್ಮಲ್ ವಿಡಿಯೋದ ಶೂಟಿಂಗ್ ಇನ್ನೂ ಮುಗಿದೇ ಇಲ್ಲ, ಮನೆಯಲ್ಲಿ ದಿನವಿಡೀ ನಡೆದಿದೆ. ಎದುರಿಗೆ ಕೂತು ಮುಖ ನೋಡಿ, ಸುಳ್ಳು ಹೇಳಬೇಡ್ರಿ ಕಾಕಾ ಅನ್ನುವವರು ಒಬ್ಬರು ಬೇಕು. ಇದ್ದವರು ನೀವೊಬ್ಬರು. ನೀವೂ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದೀರಿ.

ನನ್ನ ಬದಲು ಸೆಂಟರಿನವರು ಮಿಯಾಪುರದ ಜಿಮ್ಮಿನಿಂದ ಒಬ್ಬ ತರುಣನನ್ನು ಗೊತ್ತುಮಾಡಿದ್ದಾರಂತೆ. ಅವನ ಹೊಟ್ಟೆ ಒತ್ತಿದರೆ ಬೆರಳೇ ಮುರಿಯುತ್ತದೆ ಅಂತಾನೆ ಪವನ. ಅವನು ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಪಾಠ ಹೇಳುವವರು ನೀವೇ ಆಗಬೇಕು. ನಮ್ಮ ವಿಡಿಯೋ ತೆಗೆಸಬೇಡಿ. ಅದಿಲ್ಲದಿದ್ದರೆ ನಚಿಕೇತ ಎಲ್ಲಿ ನೋಡುತ್ತಿದ್ದ? ಅವನ ಪ್ರಶ್ನೆಯನ್ನು ಎಲ್ಲರಿಗೂ ಕಾಣುವಂತೆ ಮೇಲೆ ಹಾಕಿಸಿ, ಕೆಳಗೆ ನಿಮ್ಮ ಉತ್ತರ ಬರೆಯಿರಿ. ಇದು ನಾರ್ಮಲ್ ಅಲ್ಲ, ನೀನು ಸರಿಯಾಗಿ ನೋಡಿದೆ ಅಂತ. ಆ ಹುಡುಗ ಇಷ್ಟು ದಿನದಿಂದ ಕಾಯುತ್ತಿದ್ದಾನೆ.

ಅದು ಆದ ಮೇಲೆ ಭಾನುವಾರ ನಮ್ಮ ಮನೆಗೆ ಬನ್ನಿ. ಪವನನಿಗೆ ಹೇಳಿದ್ದೇನೆ, ಅವನು ಕ್ಯಾಮೆರಾ ತರುತ್ತಾನೆ, ಬೇಕಾದರೆ ಬಿಚ್ಚಿ ಇಡಲಿ, ಬೇಡವಾದರೆ ಚೀಲದಲ್ಲೇ ಇರಲಿ. ಹೊಲಿಗೆ ಬಿದ್ದ ಹೊಟ್ಟೆಯನ್ನು ಹೇಗೆ ನೋಡಬೇಕು ಅನ್ನುವುದೂ ಮಕ್ಕಳು ಕಲಿಯಬೇಕಾದದ್ದೇ. ನಮ್ಮ ಮಂಚವೇ ಸಾಕು. ಸುಭದ್ರಾ ರೊಟ್ಟಿ ಬಡಿಯುತ್ತಾಳೆ, ನಿಮಗೆ ಸೇರುವ ಪುಂಡಿಪಲ್ಯವೂ ಇರುತ್ತದೆ. ಕ್ಯಾಮೆರಾ ಎಲ್ಲಿದ್ದರೂ ನೀವು ಅದನ್ನು ನೋಡಬೇಡಿ. ನೋವಿಲ್ಲ ಅಂತ ನಾನು ಹೇಳಿಯೇ ಹೇಳುತ್ತೇನೆ, ರೂಢಿಯಾಗಿಬಿಟ್ಟಿದೆ. ನಂಬಬೇಡಿ.

ಇನ್ನೊಂದು ಮಾತು. ಈ ಔಷಧಕ್ಕೆ ತಣ್ಣಗಿನದು ಏನು ತಾಗಿದರೂ ಮುಳ್ಳು ಚುಚ್ಚಿದಂತಾಗುತ್ತದೆ, ಸ್ಟೀಲ್ ಲೋಟ ಕೂಡ ಹಿಡಿಯಲಾರೆ. ಒಳಗೆ ಬರುವ ಮೊದಲು ಬಾಗಿಲಲ್ಲೇ ನಿಂತು, ಮೊದಲಿನಂತೆ ಅಂಗೈ ಉಜ್ಜಿಕೊಳ್ಳಿ.

ನಿಮ್ಮ ಕೈಗುಣ ಬಾಡದಿರಲಿ, ಅವ್ವಾ.

ದಾರಿ ನೋಡುತ್ತಿರುವ,
ಗುರುಸಿದ್ದಪ್ಪ ಕಾಕಾ