ಕಂಪ್ಯೂಟರಿಗೆ ಗೊತ್ತಾದ ನೀರು

ಹಸನಸಾಬ,

ಕಡೆಗೂ ಭೀಮಾ ಹೊಳೆ ನಿನ್ನ ಗೋರಿಯ ತನಕ ಬಂತು. ನೀನು ಹೋದ ಮೇಲೆ ನಿನ್ನ ಬದಲು ನೀರಳೆಯಲು ಸೇತುವೆಗೆ ಒಂದು ಪೆಟ್ಟಿಗೆ ಕೂರಿಸಿದ್ದಾರೆ. ಅದು ಬೀಡಿ ಕೇಳುವುದಿಲ್ಲ, ಚಹಾ ಕುಡಿಯುವುದಿಲ್ಲ. ನೀರು ಏರಿದ್ದನ್ನು ತಂತಿಯ ಮೇಲೆ ಕಲಬುರ್ಗಿಯ ಕಂಪ್ಯೂಟರಿಗೆ ಕಳಿಸುತ್ತದೆ. ನೀನಾದರೆ ಮೊದಲು ದಂಡೆಯ ಮನೆಗಳಿಗೆ ಓಡಿ ಕೂಗುತ್ತಿದ್ದೆ, ಆಮೇಲೆ ಆಫೀಸಿಗೆ ತಿಳಿಸುತ್ತಿದ್ದೆ.

ಇವತ್ತು ನಾನೇ ಆಫೀಸಿಗೆ ಫೋನ್ ಮಾಡಿದೆ.

"ಸಾಹೇಬ್ರ, ನೀರು ಕಬರಸ್ತಾನಕ್ಕ ಬಂತ್ರಿ!"

"ಗೊತ್ತದ ಚಂದ್ರಾಮಪ್ಪ. ಮುಂಜಾನೇನೇ ಕಂಪ್ಯೂಟರಿನ್ಯಾಗ ಬಂದದ."

"ಹಂಗಾದ್ರ ನಾ ಏನ್ ಮಾಡ್ಲಿರಿ?"

"ನೀ ಏನೂ ಮಾಡಬ್ಯಾಡ. ಅದೇ ಎಲ್ಲಾ ಬರಕೊಳ್ತದ."

ನಿನ್ನ ಗೋರಿಯ ಮೇಲೆ ಕೊಡೆ ಹಿಡಿದು ನಿಂತೆ. ಕೆಳಗಿನಿಂದ ಬರುವ ನೀರಿಗೆ ಕೊಡೆ ಯಾಕೆ ಎಂದು ನೀನಿದ್ದಿದ್ದರೆ ನಗುತ್ತಿದ್ದೆ. ಮಣ್ಣು ಕುಸಿಯತೊಡಗಿತು. ಗೋರಿಗೆ ಹೊದಿಸಿದ್ದ ಹಸಿರು ಚಾದರ ಒಂದನ್ನೇ ಎತ್ತಿಕೊಂಡು ಮನೆಗೆ ಬಂದು ಹೊಟ್ಟಿನ ಚೀಲದ ಹಿಂದೆ ಮುಚ್ಚಿಟ್ಟಿದ್ದೇನೆ.

ದಂಡೆಯ ಮನೆ ಬಿಟ್ಟು ನಿನ್ನ ಹೆಂಡತಿ ಕುಲಸುಮಬಿ ನಮ್ಮಲ್ಲಿಗೆ ಬಂದಿದ್ದಾಳೆ. "ಅವರ ಕಡಿ ನೀರು ಹೋಗಿಲ್ಲಲ್ರೀ ಭಾಯಿ?" ಎಂದು ಕೇಳಿದಳು.

"ಹಸನಸಾಬ ಅಳತಿ ಕೋಲು ಹಿಡಕೊಂಡು ನಿಂತಾನ, ನೀರು ಅಂಜತದ" ಎಂದೆ. ನಕ್ಕಳು.

"ಭಾಯಿ, ರೊಟ್ಟಿ ಆರಾಕತ್ತಾವ, ಬರ್ರಿ!"

ಅವಳೇ ಕರೆಯುತ್ತಿದ್ದಾಳೆ ದೋಸ್ತ. ಎದುರಿಗೆ ಕೂತು ಉಣ್ಣಬೇಕು.